ಫೋಟೊ ಅಡ್ಡ ಇರಲಿಲ್ಲ, ಸಾಫ್ಟ್‌ವೇರ್‌ಗೆ ಓದಲು ಬರುತ್ತಿರಲಿಲ್ಲ

ಸಂಪಾದಕರೇ,

ಹೊಸ ಕಂಪ್ಯೂಟರ್ ಕೊಳ್ಳುವವರಿಗೆ ಸಲಹೆ ಕೊಡುವ ಲೇಖನಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ರ‍್ಯಾಮ್ ಎಷ್ಟಿರಬೇಕು, ಡಿಸ್ಕ್ ಯಾವುದಿರಬೇಕು, ಆ್ಯಂಟಿವೈರಸ್ ಬೇಕೋ ಬೇಡವೋ, ಎಲ್ಲ ಇರುತ್ತದೆ. ಆದರೆ ಮನೆಯ ಕಂಪ್ಯೂಟರ್ ಮುಂದೆ ಕೂತವರು ಹಳೇ ಫೋಟೊ ನೋಡುತ್ತಾ ಗಂಟೆಗಟ್ಟಲೆ ಕಳೆಯುತ್ತಾರಲ್ಲ, ಆ ಫೋಟೊಗಳನ್ನು ಯಾವುದರಲ್ಲಿ ನೋಡಬೇಕು ಅಂತ ಒಂದು ಸಾಲೂ ಇರುವುದಿಲ್ಲ. ಡಬಲ್ ಕ್ಲಿಕ್ ಮಾಡಿದರೆ ಯಾವುದೋ ಒಂದರಲ್ಲಿ ತೆರೆಯುತ್ತದೆ, ಅದರಲ್ಲೇನು ಆರಿಸುವುದು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಮೊಬೈಲಿನಿಂದ ಸುಮಾರು ನಾನ್ನೂರು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಅರ್ಧದಷ್ಟು ಅಡ್ಡಡ್ಡ ಕಾಣುತ್ತಿದ್ದವು. ನನ್ನ ಹತ್ತಿರ ಇದ್ದದ್ದು ಯಾವುದೋ ಹಳೇ ಸಾಫ್ಟ್‌ವೇರ್, ಹೆಸರು ಬೇಡ. ಒಂದೊಂದನ್ನೇ ತೆರೆದು, ತಿರುಗಿಸಿ, ಸೇವ್ ಮಾಡಿ, ಎರಡು ಸಂಜೆ ಕೂತು ಎಲ್ಲವನ್ನೂ ನೆಟ್ಟಗೆ ಮಾಡಿದೆ. ಏನೋ ದೊಡ್ಡ ಕೆಲಸ ಮುಗಿಸಿದ ಖುಷಿ. ತಿಂಗಳ ನಂತರ ಒಂದು ಫೋಟೊ ಪ್ರಿಂಟ್ ಹಾಕಿಸೋಣ ಅಂತ ಜೂಮ್ ಮಾಡಿದರೆ ಹಿಂದಿದ್ದ ಬೋರ್ಡಿನ ಅಕ್ಷರಗಳ ಸುತ್ತ ಕೊಳೆ ಮೆತ್ತಿದಂತೆ ಚೌಕ ಚೌಕ, ಕೂದಲೆಲ್ಲ ಕಲಸಿಹೋಗಿದೆ. ಜೊತೆಗೆ ಫೋಟೊ ತೆಗೆದ ದಿನಾಂಕವೂ ಮಾಯ. ತಿರುಗಿಸಿದ ಅಷ್ಟೂ ಫೋಟೊ ನಾನು ಸೇವ್ ಮಾಡಿದ ಆ ಎರಡು ಸಂಜೆಗಳ ಲೆಕ್ಕಕ್ಕೇ ಸೇರಿದ್ದವು.

ಆಗಿದ್ದೇನು ಅಂತ ಆಮೇಲೆ ತಿಳಿಯಿತು. ಮೊಬೈಲನ್ನು ಹೇಗೆ ಹಿಡಿದರೂ ಕ್ಯಾಮೆರಾ ಸಾಮಾನ್ಯವಾಗಿ ಫೋಟೊವನ್ನು ಒಂದೇ ದಿಕ್ಕಿನಲ್ಲಿ ಬರೆದಿಡುತ್ತದೆ. ಜೊತೆಗೆ ಫೈಲಿನ ಒಳಗೆ ಎಕ್ಸಿಫ್ ಅನ್ನುವ ಜಾಗದಲ್ಲಿ ಒಂದು ಅಂಕಿ ಹಾಕುತ್ತದೆ, 1ರಿಂದ 8ರವರೆಗೆ. 1 ಇದ್ದರೆ ಹಾಗೇ ತೋರಿಸು, 6 ಇದ್ದರೆ ಬಲಕ್ಕೆ ಒಂದು ಸಲ ತಿರುಗಿಸಿ ತೋರಿಸು, ಹೀಗೆ. ಅಂದರೆ ನನ್ನ ಫೋಟೊಗಳು ಸರಿಯಾಗೇ ಇದ್ದವು! ಆ ಅಂಕಿಯನ್ನು ಓದಲು ಬಾರದ ಸಾಫ್ಟ್‌ವೇರ್ ಅಡ್ಡ ತೋರಿಸುತ್ತಿತ್ತು, ನಾನು ಫೋಟೊದ್ದೇ ತಪ್ಪು ಅಂತ ರಿಪೇರಿಗೆ ಇಳಿದಿದ್ದೆ.

ಆ ಕೊಳೆಗೆ ಕಾರಣ ಜೆಪೆಗ್, ಅಂದರೆ ಫೋಟೊವನ್ನು ಕುಗ್ಗಿಸಿ .jpg ಫೈಲಾಗಿ ಉಳಿಸುವ ವಿಧಾನ. 1992ರಿಂದ ಬಳಕೆಯಲ್ಲಿರುವ ಇದು ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ (ಪಿಕ್ಸೆಲ್‌ಗಳ) ಸಣ್ಣ ಚೌಕಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರವನ್ನು ಬಿಟ್ಟುಬಿಡುತ್ತದೆ. ಫೈಲ್ ಸಣ್ಣದಾಗುವುದು ಅದಕ್ಕೇ. ತಿರುಗಿಸಿ ಮತ್ತೆ ಸೇವ್ ಮಾಡಿದರೆ ಉಳಿದದ್ದರಲ್ಲೇ ಇನ್ನಷ್ಟು ಹೋಗುತ್ತದೆ, ಅದೂ ಕ್ವಾಲಿಟಿಯ ಅಂಕಿಯನ್ನು ಸಾಫ್ಟ್‌ವೇರ್ ತಾನೇ ಕಡಿಮೆ ಇಟ್ಟುಕೊಂಡಿದ್ದರೆ ಕೇಳುವುದೇ ಬೇಡ. ಹಾಗೆ ಆಗದಂತೆ ಚೌಕಗಳನ್ನೇ ಎತ್ತಿ ತಿರುಗಿಸಿಡುವ ದಾರಿಯೂ ಇದೆ, ಲಾಸ್‌ಲೆಸ್ ರೊಟೇಶನ್ ಅನ್ನುತ್ತಾರೆ. ಚಿತ್ರದ ಅಗಲ ಎತ್ತರ 8ರಿಂದಲೋ 16ರಿಂದಲೋ ಸರಿಯಾಗಿ ಭಾಗವಾಗದಿದ್ದರೆ ಅಂಚಿನಲ್ಲಿ ಕೆಲವು ಚುಕ್ಕಿ ಕತ್ತರಿಸಬೇಕಾಗಬಹುದು, ಅಷ್ಟೇ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ. ನೋಡುವ ಸಾಫ್ಟ್‌ವೇರ್ ತೋರಿಸಲಿ, ಕೇಳದೆ ಫೈಲಿಗೆ ಕೈ ಹಾಕದಿರಲಿ.

ವಿಂಡೋಸ್‌ನಲ್ಲಿ ನಾನು ಬಳಸುವುದು ಇರ್ಫಾನ್‌ವ್ಯೂ. ಇರ್ಫಾನ್ ಶ್ಕಿಲ್ಯಾನ್ ಎಂಬ ಬೋಸ್ನಿಯಾ ಮೂಲದ ಪ್ರೋಗ್ರಾಮರ್ 1996ರಲ್ಲಿ ಹೊರತಂದದ್ದು, ಇಂದಿಗೂ ನಡೆಯುತ್ತಿದೆ. ಕೆಲವೇ ಎಂಬಿ, ಮನೆ ಬಳಕೆಗೆ ಉಚಿತ. ಮುಖ ಮಾತ್ರ ಆ ಕಾಲದ್ದೇ, ಐಕಾನ್ ನೋಡಿದರೆ ನಗು ಬರುತ್ತದೆ. ಅದರ ಪ್ಲಗಿನ್‌ಗಳನ್ನೂ, ಅಂದರೆ ಬೇರೆಯಾಗಿ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳನ್ನೂ, ಹಾಕಿಕೊಂಡರೆ ಶಿಫ್ಟ್ ಹಿಡಿದು ಜೆ ಒತ್ತಿ ಮೇಲೆ ಹೇಳಿದ ಹಾಗೆ ನಷ್ಟವಿಲ್ಲದೆ ತಿರುಗಿಸಬಹುದು. ಬರೀ ಆರ್ ಒತ್ತಿದರೂ ತಿರುಗುತ್ತದೆ, ಆದರೆ ಅದನ್ನು ಸೇವ್ ಮಾಡಿದರೆ ನನ್ನ ಹಳೇ ಕಥೆಯೇ, ಹುಷಾರು. ಅಂದವೂ ಬೇಕು ಅನ್ನುವವರಿಗೆ ಫಾಸ್ಟ್‌ಸ್ಟೋನ್ ಇದೆ, ತೆರೆ ತುಂಬ ಫೋಟೊ ಇಟ್ಟು ಮೌಸನ್ನು ಅಂಚಿಗೆ ಒಯ್ದರೆ ಮೆನು ಹೊರಬರುತ್ತದೆ. ಎಕ್ಸ್‌ಎನ್‌ವ್ಯೂ ಎಂಪಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಲಿನಕ್ಸ್‌ನವರಿಗೆ ಜಿಥಂಬ್, ಗ್ವೆನ್‌ವ್ಯೂ ಇವೆ, ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ ಬಿಡಿ.

ಯಾವುದನ್ನೇ ಹಾಕಿಕೊಂಡರೂ ಮೊದಲು ಒಂದು ಫೋಲ್ಡರ್ ಕಾಪಿ ಮಾಡಿಕೊಂಡು ಅದರ ಮೇಲೆ ಪರೀಕ್ಷೆ ಮಾಡಿ. ಬಾಣದ ಕೀ ಒತ್ತಿ ಹಿಡಿದು ಇನ್ನೂರು ಫೋಟೊ ಓಡಿಸಿ. 24 ಮೆಗಾಪಿಕ್ಸೆಲ್ ಫೋಟೊ ಡಿಸ್ಕ್‌ನಲ್ಲಿ ಎಂಟು ಹತ್ತು ಎಂಬಿ ಇರಬಹುದು, ಆದರೆ ತೋರಿಸಲು ಬಿಚ್ಚಿದಾಗ 2.4 ಕೋಟಿ ಚುಕ್ಕಿಗಳಲ್ಲಿ ಒಂದೊಂದಕ್ಕೆ ಮೂರು ಬೈಟ್ ಲೆಕ್ಕದಲ್ಲಿ 72 ಎಂಬಿ ಆಗುತ್ತದೆ. ಮುಂದಿನ ಫೋಟೊವನ್ನು ಮೊದಲೇ ಬಿಚ್ಚಿಟ್ಟುಕೊಳ್ಳುವ ಸಾಫ್ಟ್‌ವೇರ್ ಮಾತ್ರ ತಡವರಿಸದೆ ಓಡುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲ್ ಒಂದನ್ನೂ ತೆರೆದು ನೋಡಿ, ಕೆಲವು ಹಳೆಯವು ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸುತ್ತವೆ. ಡಿಲೀಟ್ ಒತ್ತಿದಾಗ ಫೈಲ್ ಕಸದ ಬುಟ್ಟಿಗೆ ಹೋಗುತ್ತದೋ ಪೂರ್ತಿ ಹೋಗಿಬಿಡುತ್ತದೋ, ಅದನ್ನೂ ಈಗಲೇ ತಿಳಿದುಕೊಳ್ಳಿ. 2017ರಿಂದ ಐಫೋನ್‌ಗಳು ಹೀಕ್ (HEIC) ಅನ್ನುವ ಬೇರೆ ಬಗೆಯಲ್ಲಿ ಫೋಟೊ ಉಳಿಸುತ್ತಿವೆ. ಅದು ತೆರೆಯಲಿಲ್ಲ ಅಂತ ಸಿಟ್ಟಿಗೆದ್ದು ಎಲ್ಲವನ್ನೂ ಜೆಪೆಗ್‌ಗೆ ಬದಲಾಯಿಸಿ ಮೂಲ ಫೈಲ್ ಅಳಿಸಬೇಡಿ, ತೆರೆಯುವ ಸಾಫ್ಟ್‌ವೇರ್ ಹುಡುಕಿ.

ಆಲ್ಬಮ್ ಮಾಡಿ, ಹೆಸರು ಹಚ್ಚಿ, ಸ್ಟಾರ್ ಕೊಟ್ಟು ಜೋಡಿಸುವವರಿಗೆ ಇನ್ನೊಂದು ಮಾತು. ಫೋಟೊ ಜೋಡಿಸುವ ಪಿಕಾಸಾ ಸಾಫ್ಟ್‌ವೇರ್ ನೆನಪಿದೆ ಅಲ್ವಾ? ಎಷ್ಟೋ ಮನೆಗಳಲ್ಲಿ ಅದೇ ಇತ್ತು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ಯಾವ ಸಾಫ್ಟ್‌ವೇರ್ ಆದರೂ ಒಂದು ದಿನ ನಿಲ್ಲಬಹುದು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ನೀವು ಬರೆದ ಹೆಸರುಗಳು ಅದರ ಸ್ವಂತ ಡೇಟಾಬೇಸಿನಲ್ಲಿ ಮಾತ್ರ ಇದ್ದರೆ ಅದರ ಜೊತೆಗೇ ಹೋಗುತ್ತವೆ, ಫೋಟೊದ ಫೈಲಿನೊಳಗೇ ಬರೆದಿದ್ದರೆ ಮುಂದಿನದಕ್ಕೂ ಕಾಣುತ್ತವೆ. ಡಿಜಿಕ್ಯಾಮ್ ಅನ್ನುವ ಫೋಟೊ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಹೀಗೆ ಫೈಲಿನೊಳಗೆ ಬರೆಸಬಹುದು, ಸೆಟ್ಟಿಂಗ್ಸ್‌ನಲ್ಲಿ ಟಿಕ್ ಇದೆಯಾ ಒಮ್ಮೆ ನೋಡಿಕೊಳ್ಳಿ. ಕೇಳದೆ ಕೈ ಹಾಕಬಾರದು ಅಂದೆನಲ್ಲ, ಇಲ್ಲಿ ನಾವೇ ಕೇಳಿ ಬರೆಸುತ್ತಿದ್ದೇವೆ.

ಡೌನ್‌ಲೋಡ್ ಮಾಡುವಾಗ ಆಯಾ ಸಾಫ್ಟ್‌ವೇರಿನ ಸ್ವಂತ ಜಾಲತಾಣಕ್ಕೇ ಹೋಗಿ. ಸರ್ಚ್‌ನಲ್ಲಿ ಮೊದಲು ಕಂಡದ್ದನ್ನು ಒತ್ತಿ, ನೆಕ್ಸ್ಟ್ ನೆಕ್ಸ್ಟ್ ಅಂತ ಸುಮ್ನೆ ಹೋಗಿ, ಬೇಡದ ಎರಡು ಸಾಫ್ಟ್‌ವೇರ್ ಮನೆಗೆ ಕರೆದುಕೊಂಡವನು ನಾನು.

ನಾನ್ನೂರರಲ್ಲಿ ಕೆಡಿಸಿದ್ದು ಇನ್ನೂರರ ಮೇಲಿತ್ತು. ಹಳೇ ಮೊಬೈಲಿನ ಮೆಮೊರಿ ಕಾರ್ಡ್ ಡ್ರಾಯರ್‌ನಲ್ಲಿ ಸಿಕ್ಕಿತು, ಅದರಿಂದ ತೊಂಬತ್ತೇನೋ ಮೂಲ ಫೋಟೊಗಳು ಬಂದವು. ಹೊಸ ಸಾಫ್ಟ್‌ವೇರ್‌ನಲ್ಲಿ ತೆರೆದೆ, ಒಂದೂ ಅಡ್ಡ ಇರಲಿಲ್ಲ.

ಒಬ್ಬ ಓದುಗ