ಮ್ಯೂನಿಕ್ಕೋ, ಡ್ರೆಸ್ಡೆನ್ನೋ: ದೊಡ್ಡಪ್ಪನ ಪತ್ರ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮ್ಯೂನಿಕ್ ಮತ್ತು ಡ್ರೆಸ್ಡೆನ್, ಎರಡೂ ಊರಿನ ತಾಂತ್ರಿಕ ವಿಶ್ವವಿದ್ಯಾಲಯಗಳಿಂದ ನಿನಗೆ ಎಲೆಕ್ಟ್ರಾನಿಕ್ಸ್ ಸ್ನಾತಕೋತ್ತರ ಓದಿಗೆ ಪ್ರವೇಶ ಸಿಕ್ಕಿದೆಯೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು. ಯಾವ ಊರನ್ನು ಆರಿಸಿಕೊಳ್ಳುವುದೆಂದು ತಿಳಿಯದೆ ನೀನು ಎರಡು ವಾರದಿಂದ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲವಂತೆ. ಮ್ಯೂನಿಕ್ಕಿನಲ್ಲಿ ಆರು ವರ್ಷ ಇದ್ದು ಬಂದವನಾದ್ದರಿಂದ ನಾನು ಆ ಊರಿನ ಪರವಾಗಿಯೇ ಮಾತನಾಡುತ್ತೇನೆಂದು ನೀವೆಲ್ಲ ಎಣಿಸಿರಬಹುದು. ಆದರೆ ನಾನು ಹೇಳುವುದು ಡ್ರೆಸ್ಡೆನ್ನಿಗೆ ಹೋಗು ಎಂದು.

ದುಡ್ಡಿನ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದನ್ನು ನಿನ್ನ ಅಪ್ಪ ನಿನ್ನೆದುರು ಬಾಯಿ ಬಿಟ್ಟು ಹೇಳುವವನಲ್ಲ. ಜರ್ಮನಿಯಲ್ಲಿ ಓದು ಉಚಿತ ಎಂಬ ಮಾತು ಈಗ ಎಲ್ಲ ಕಡೆಗೂ ಸಲ್ಲುವುದಿಲ್ಲ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವು 2024-25ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪಿನ ಒಕ್ಕೂಟದ ಹೊರಗಿನಿಂದ ಹೊಸದಾಗಿ ಬರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಶುಲ್ಕ ಪಡೆಯುತ್ತಿದೆ. ನಾಲ್ಕು ಸೆಮಿಸ್ಟರಿಗೆ ಅದು ನಮ್ಮ ಲೆಕ್ಕದಲ್ಲಿ ಹದಿನಾರು ಲಕ್ಷಕ್ಕೆ ಕಡಿಮೆಯಾಗುವುದಿಲ್ಲ. ಶುಲ್ಕ ವಿನಾಯಿತಿಯೂ ವಿದ್ಯಾರ್ಥಿವೇತನವೂ ಇವೆ, ಆದರೆ ಸಿಕ್ಕೇ ಸಿಗುತ್ತದೆಂದು ನಂಬಿ ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಇಡುವುದು ನನಗೆ ಸರಿಯೆನಿಸದು. ಡ್ರೆಸ್ಡೆನ್ನಿನಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೆ ಸುಮಾರು 300 ಯೂರೊ ವಂತಿಗೆ ಕಟ್ಟಿದರೆ ಅದರಲ್ಲೇ ಟ್ರ್ಯಾಮು, ಬಸ್ಸು, ಸ್ಥಳೀಯ ರೈಲುಗಳ ಟಿಕೆಟ್ಟೂ ಸೇರಿರುತ್ತದೆ.

ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ಎಂದು ದುಡ್ಡು ಬಿಡುವ ಖಾತೆಯಲ್ಲಿ, ಒಂದು ವರ್ಷದ ಖರ್ಚಿಗೆಂದು ಇಡಬೇಕಾದ 11,904 ಯೂರೊ ಮಾತ್ರ ಎರಡು ಊರಿಗೂ ಒಂದೇ. ಅದರಿಂದ ತಿಂಗಳಿಗೆ ನಿನ್ನ ಕೈಗೆ ಬರುವುದು 992 ಯೂರೊ. ಮ್ಯೂನಿಕ್ಕಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ ಏಳೆಂಟು ನೂರು ಯೂರೊ ಬಾಡಿಗೆಯಿದೆ. ಆರೋಗ್ಯ ವಿಮೆಯ ಕಂತನ್ನೂ ಕಳೆದರೆ ಊಟಕ್ಕೆ ಎಷ್ಟು ಉಳಿಯುತ್ತದೆಂದು ನೀನೇ ಲೆಕ್ಕ ಹಾಕು. ಡ್ರೆಸ್ಡೆನ್ನಿನಲ್ಲಿ ಬಾಡಿಗೆ ಅದರ ಅರ್ಧದಷ್ಟು. ಮ್ಯೂನಿಕ್ಕಿನಲ್ಲಿ ಉಳಿದ ಖರ್ಚನ್ನು ತೂಗಿಸಲು ದುಡಿಯಲೇಬೇಕಾಗುತ್ತದೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಕಾನೂನಿನಲ್ಲಿ ಅವಕಾಶವೇನೋ ಉಂಟು, ಆದರೆ ಆ ದಿನಗಳು ಓದಿನ ದಿನಗಳಿಂದಲೇ ಬರಬೇಕು.

ನಾನು ಅಲ್ಲಿದ್ದಾಗ ನಮ್ಮ ಕಡೆಯ ಹುಡುಗನೊಬ್ಬ ನನ್ನ ಪಕ್ಕದ ಕೋಣೆಯಲ್ಲಿದ್ದ. ಹೋಟೆಲಿನಲ್ಲಿ ಪಾತ್ರೆ ತೊಳೆದು ರಾತ್ರಿ ಒಂದು ಗಂಟೆಗೆ ಬರುವವನು, ಮನೆಯೊಡತಿಗೆ ಎಚ್ಚರವಾಗಬಾರದೆಂದು ಬೂಟುಗಳನ್ನು ಕೈಯಲ್ಲಿ ಹಿಡಿದು ಮರದ ಮೆಟ್ಟಿಲನ್ನು ಹತ್ತುತ್ತಿದ್ದ. ಒಂದು ರಾತ್ರಿ ಸೀದ ವಾಸನೆಗೆ ಎದ್ದು ಅಡುಗೆಮನೆಗೆ ಹೋದರೆ, ಒಲೆಯ ಮೇಲೆ ಅನ್ನ ತಳ ಹಿಡಿದು ಕಪ್ಪಾಗಿತ್ತು. ಅವನು ಬಿಚ್ಚಿಟ್ಟ ನೋಟುಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದ. ಬೆಳಗ್ಗೆ ಎಂಟಕ್ಕೆ ಅವನಿಗೆ ಪರೀಕ್ಷೆಯಿತ್ತು. ಬುದ್ಧಿವಂತನಾಗಿದ್ದ ಆ ಹುಡುಗ ಎರಡು ವರ್ಷದ ಓದನ್ನು ನಾಲ್ಕು ವರ್ಷಕ್ಕೆ ಮುಗಿಸಿದ. ನಿನ್ನ ಕೆನ್ನೆಯ ಮೇಲೆ ಆ ನೋಟುಪುಸ್ತಕದ ಗೆರೆಗಳನ್ನು ಕಾಣುವುದು ನನಗೆ ಬೇಡ.

ಡ್ರೆಸ್ಡೆನ್ ಎಂದರೆ ಓದಿನಲ್ಲಿ ಒಂದು ಮೆಟ್ಟಿಲು ಕೆಳಗೆ ಎಂದು ನಿನ್ನ ಗೆಳತಿಯರು ಹೇಳುತ್ತಾರಂತೆ. ಪಟ್ಟಿಗಳಲ್ಲಿ ಮ್ಯೂನಿಕ್ಕೇ ಮೇಲಿದೆ, ಒಪ್ಪುತ್ತೇನೆ. ಆದರೆ ನಿನ್ನ ಓದು ಎಲೆಕ್ಟ್ರಾನಿಕ್ ಚಿಪ್ಪುಗಳದ್ದು. ಆಸಿಲೇಟರಿನ ಪಾಠದಲ್ಲಿ ನೀನು ಬಾಯಿಪಾಠ ಮಾಡಿದ ಬಾರ್ಕ್‌ಹೌಸನ್ ನಿಯಮ ನೆನಪಿದೆಯಲ್ಲ, ಆ ಹೈನ್‌ರಿಷ್ ಬಾರ್ಕ್‌ಹೌಸನ್ 1911ರಲ್ಲಿ ಪ್ರಾಧ್ಯಾಪಕರಾಗಿ ಬಂದದ್ದು ಡ್ರೆಸ್ಡೆನ್ನಿಗೆ. ನಿನ್ನ ವಿಭಾಗದ ಕಟ್ಟಡಕ್ಕೆ ಇಂದಿಗೂ ಅವರದೇ ಹೆಸರು. ಪೂರ್ವ ಜರ್ಮನಿಯ ಒಂದು ಮೆಗಾಬಿಟ್ ಮೆಮೊರಿ ಚಿಪ್ಪು 1988ರಲ್ಲಿ ತಯಾರಾದದ್ದೂ ಆ ಊರಿನಲ್ಲೇ. ಎರಡು ಜರ್ಮನಿಗಳು ಒಂದಾದ ಮೇಲೂ ಆ ಕಸುಬು ಅಲ್ಲಿಂದ ಕದಲಲಿಲ್ಲ. ಇನ್ಫಿನಿಯಾನ್, ಗ್ಲೋಬಲ್‌ಫೌಂಡ್ರೀಸ್, ಬಾಷ್ ಕಂಪನಿಗಳ ಚಿಪ್ಪು ಕಾರ್ಖಾನೆಗಳು ಅಲ್ಲಿವೆ. ಚಿಪ್ಪು ತಯಾರಿಸುವ ತೈವಾನಿನ ಟಿಎಸ್ಎಂಸಿ ಕಂಪನಿಯು ಇತರ ಮೂರು ಕಂಪನಿಗಳೊಡನೆ ಸೇರಿ 2024ರ ಆಗಸ್ಟಿನಲ್ಲಿ ಹೊಸ ಕಾರ್ಖಾನೆಗೆ ಅಡಿಗಲ್ಲು ಹಾಕಿದೆ. ಪ್ರಬಂಧದ ಕೆಲಸಕ್ಕೆ, ಇಂಟರ್ನ್‌ಶಿಪ್ಪಿಗೆ ನೀನು ಟ್ರ್ಯಾಮಿನಲ್ಲೇ ಹೋಗಿಬರಬಹುದಾದ ದೂರದಲ್ಲಿ ಇವು ಇರುವುದು ಸಣ್ಣ ಮಾತಲ್ಲ.

ಮ್ಯೂನಿಕ್ಕಿನ ಒಳ್ಳೆಯದನ್ನು ಅಲ್ಲಗಳೆದರೆ ಅಲ್ಲಿ ಉಂಡ ಅನ್ನಕ್ಕೆ ದ್ರೋಹವಾದೀತು. ಸೀಮೆನ್ಸ್, ಬಿಎಂಡಬ್ಲ್ಯೂಗಳ ಕೇಂದ್ರ ಕಚೇರಿಗಳಿವೆ, ಆಲ್ಪ್ಸ್ ಪರ್ವತಗಳು ಹತ್ತಿರವಿವೆ, ಕನ್ನಡದವರ ಕೂಟವೂ ಉಂಟು. ಓದು ಮುಗಿದ ಮೇಲೆ ಕೆಲಸ ಹುಡುಕಲು ನಿನಗೆ ಹದಿನೆಂಟು ತಿಂಗಳ ಅನುಮತಿ ಸಿಗುತ್ತದೆ. ಆಗ ಬೇಕಾದರೆ ಸಂಬಳ ತೆಗೆದುಕೊಳ್ಳುವವಳಾಗಿ ಮ್ಯೂನಿಕ್ಕಿಗೆ ಹೋಗು.

ಡ್ರೆಸ್ಡೆನ್ನಿನ ಒಂದು ಸಂಗತಿಯನ್ನು ನಿನ್ನಿಂದ ಮುಚ್ಚಿಡಲಾರೆ. ವಲಸಿಗರ ವಿರುದ್ಧದ ಪೆಗಿಡಾ ಮೆರವಣಿಗೆಗಳು 2014ರಲ್ಲಿ ಆರಂಭವಾದದ್ದು ಆ ಊರಿನಲ್ಲಿ, ಮತ್ತು ಆ ರಾಜ್ಯದ 2024ರ ಚುನಾವಣೆಯಲ್ಲಿ ಅದೇ ಮನಸ್ಸಿನ ಪಕ್ಷಕ್ಕೆ ಶೇಕಡಾ 30ಕ್ಕೂ ಹೆಚ್ಚು ಮತ ಬಿದ್ದಿದೆ. ವಿಶ್ವವಿದ್ಯಾಲಯದ ಸುತ್ತಮುತ್ತಲೂ, ವಿದ್ಯಾರ್ಥಿಗಳೇ ತುಂಬಿರುವ ನಾಯ್‌ಷ್ಟಾಟ್ ಬಡಾವಣೆಯಲ್ಲೂ ಬದುಕು ಬೇರೆಯೇ ಆಗಿರುತ್ತದೆ. ಆದರೂ ನನ್ನ ಮಾತಿನ ಮೇಲೆ ಮಾತ್ರ ಹೋಗದೆ, ಈಗ ಅಲ್ಲಿ ಓದುತ್ತಿರುವ ನಮ್ಮ ಹೆಣ್ಣುಮಕ್ಕಳಿಬ್ಬರನ್ನಾದರೂ ಮಾತನಾಡಿಸಿ, ರಾತ್ರಿಯ ಟ್ರ್ಯಾಮಿನಲ್ಲಿ ಹೇಗಿರುತ್ತದೆ, ಯಾವ ಬಡಾವಣೆಯಲ್ಲಿ ಮನೆ ಹಿಡಿಯಬಾರದು ಎಂಬುದನ್ನು ನೇರವಾಗಿ ಕೇಳು. ಅವರ ಮಾತು ಕೇಳಿ ನಿನ್ನ ಮನಸ್ಸು ಹಿಂಜರಿದರೆ ನನಗೆ ಹೇಳು, ನಾನು ಬಲವಂತ ಮಾಡುವುದಿಲ್ಲ.

ನಾನು ಆ ಊರನ್ನು ಕಂಡದ್ದು 1994ರಲ್ಲಿ, ಕಂಪನಿಯ ಕೆಲಸದ ಮೇಲೆ. 1945ರ ಬಾಂಬ್ ದಾಳಿಯಲ್ಲಿ ಕುಸಿದ ಫ್ರೌಎನ್‌ಕಿರ್ಷೆ ಎಂಬ ಇಗರ್ಜಿಯ ಕಪ್ಪಾಗಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಸಂಖ್ಯೆ ಬರೆದು, ಸಾಲುಸಾಲು ಅಟ್ಟಣಿಗೆಗಳಲ್ಲಿ ಜೋಡಿಸಿದ್ದರು. 2005ರಲ್ಲಿ ಅದು ಮತ್ತೆ ಎದ್ದು ನಿಂತಿತು. ನೀನು ಹೋದ ಮೇಲೆ ತಿಳಿಬಣ್ಣದ ಹೊಸ ಗೋಡೆಯ ನಡುವೆ ಆ ಹಳೆಯ ಕಪ್ಪು ಕಲ್ಲುಗಳನ್ನು ನೋಡಿ ನನಗೊಂದು ಫೋಟೊ ಕಳಿಸು.

ಪಾಠ ಇಂಗ್ಲಿಷಿನಲ್ಲಿ ನಡೆದರೂ ಬೇಕರಿಯಲ್ಲಿ, ಡಾಕ್ಟರ ಬಳಿ, ಕಚೇರಿಯ ಕಿಟಕಿಯಲ್ಲಿ ಜರ್ಮನ್ ಇಲ್ಲದೆ ನಡೆಯದು, ಅದರಲ್ಲೂ ಡ್ರೆಸ್ಡೆನ್ನಿನಲ್ಲಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗೆ ಈ ವಾರವೇ ಸೇರಿಕೊ.

ಇನ್ನು ಕೋಣೆಯ ವಿಷಯ. ಪ್ರವೇಶವನ್ನು ಒಪ್ಪಿಕೊಂಡ ದಿನವೇ ಅಲ್ಲಿನ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕು. ಹೊರಗೆ ಹಿಡಿಯುವುದಾದರೆ, ಕಣ್ಣಾರೆ ನೋಡದ ಕೋಣೆಗೆ ಒಂದು ಯೂರೊ ಮುಂಗಡವನ್ನೂ ಕಳಿಸಬೇಡ. ಗೋಡೆಗೆ ಬಣ್ಣ ಬಳಿಸಿ ಮನೆ ಬಿಡಬೇಕೆಂಬ ಒಂದು ಸಾಲನ್ನು ಓದದೆ ಸಹಿ ಹಾಕಿ, ಮೂರು ತಿಂಗಳ ಠೇವಣಿಯನ್ನು ನಾನು ಕಳೆದುಕೊಂಡಿದ್ದೇನೆ. ನಿನಗೆ ಬಾಡಿಗೆಯ ಕರಾರು ಬಂದೊಡನೆ ಸಹಿ ಮಾಡುವ ಮುನ್ನ ಎಲ್ಲ ಪುಟಗಳನ್ನೂ ನನಗೆ ಕಳಿಸು. ರಾತ್ರಿಯಾದರೂ ಸರಿ, ಸಾಲು ಸಾಲಾಗಿ ಓದಿ ಅರ್ಥ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ