ಮಾನೋಮೀಟರಿನ ಟ್ಯಾಂಕು ದೊಡ್ಡದು ಮಾಡಿದ್ದೇವೆ, ಕಾರಣ ಇದು

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ 0–500 ಮಿ.ಮೀ. ನೀರಿನ ಮಾನೋಮೀಟರಿಗೆ (ಟ್ಯಾಂಕಿಗೆ ಕೂಡಿಸಿದ ಗಾಜಿನ ಟ್ಯೂಬಿನಲ್ಲಿ ನೀರು ಎಷ್ಟು ಏರಿತೆಂದು ನೋಡಿ ಒತ್ತಡ ಅಳೆಯುವ ಉಪಕರಣ) 60 ಮಿ.ಮೀ. ಬದಲು 120 ಮಿ.ಮೀ. ವ್ಯಾಸದ ಟ್ಯಾಂಕು ಬರುತ್ತದೆ. ಪ್ಯಾನೆಲ್‌ನಲ್ಲಿ ಜಾಗ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ನಿಮಗೆ ಕಾರಣ ಹೇಳಲೇಬೇಕು.

ಒತ್ತಡ ಕೊಟ್ಟಾಗ ಟ್ಯೂಬಿನಲ್ಲಿ ನೀರು ಏರುವುದು ಕಣ್ಣಿಗೆ ಬೀಳುತ್ತದೆ, ಟ್ಯಾಂಕಿನಲ್ಲಿ ಇಳಿಯುವುದು ಬೀಳುವುದಿಲ್ಲ. ಟ್ಯೂಬಿನ ಒಳವ್ಯಾಸ 6, ಟ್ಯಾಂಕಿನದು 60 ಎಂದರೆ ವಿಸ್ತೀರ್ಣ ನೂರು ಪಟ್ಟು. ಟ್ಯೂಬಿನಲ್ಲಿ 500 ಏರಿದರೆ ಟ್ಯಾಂಕಿನಲ್ಲಿ 5 ಇಳಿಯುತ್ತದೆ. ಎರಡು ಮಟ್ಟಗಳ ಅಂತರವೇ ನಿಜವಾದ ಒತ್ತಡ, ಅಂದರೆ 505. ಈ ವ್ಯತ್ಯಾಸವನ್ನು ಸ್ಕೇಲಿನಲ್ಲೇ ಸರಿಮಾಡಿ, 500ರ ಗೆರೆಯನ್ನು 495 ಮಿ.ಮೀ. ಎತ್ತರದಲ್ಲೇ ಹಾಕುತ್ತಿದ್ದೆವು. (ಸ್ಟೀಲ್ ಸ್ಕೇಲ್ ಹಿಡಿದು ನೋಡಿ, “ಐದು ಮಿ.ಮೀ. ನುಂಗಿಬಿಟ್ರಲ್ಲ ಸ್ವಾಮಿ” ಎಂದು ಫೋನ್ ಮಾಡಿದವರೂ ಇದ್ದಾರೆ.)

ಈ ಲೆಕ್ಕ ಟ್ಯೂಬು ಒಡೆಯುವವರೆಗೆ ಮಾತ್ರ ಸರಿ. ಗಾಜು ಒಡೆಯುವುದೇ. ಕೆಲಸ ನಿಲ್ಲಬಾರದೆಂದು ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ 8 ಮಿ.ಮೀ. ಟ್ಯೂಬು ಹಾಕಿಸುತ್ತೀರಿ, ತಪ್ಪೆನ್ನಲಾರೆವು. ಆದರೆ ಆಗ ಟ್ಯಾಂಕಿನ ಮಟ್ಟ ಇಳಿಯುವುದು ಶೇ. 1 ಅಲ್ಲ, ಸುಮಾರು ಶೇ. 1.8. ಸ್ಕೇಲು ಮಾತ್ರ ಹಳೆಯದೇ. 500 ಇರುವಲ್ಲಿ 496 ತೋರಿಸುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. 120ರ ಟ್ಯಾಂಕಿನಲ್ಲಿ ಇದೇ ಅದಲುಬದಲಾದರೆ ತಪ್ಪು ಒಂದು ಮಿ.ಮೀ. ಆಸುಪಾಸು.

“ಟ್ಯಾಂಕು ಬಿಡಿ, ಟ್ಯೂಬನ್ನೇ ಸಣ್ಣ ಮಾಡಿ” ಎಂದು ಕೆಲವರು ಕೇಳಿದರು. ಮಾಡಬಹುದಿತ್ತು. ಆದರೆ 6 ಮಿ.ಮೀ. ಗಾಜಿನಲ್ಲಿ ನೀರು ತಾನಾಗಿಯೇ ಸುಮಾರು 5 ಮಿ.ಮೀ. ಮೇಲೇರಿ ನಿಲ್ಲುತ್ತದೆ, 3ರಲ್ಲಿ ಅದರ ಎರಡರಷ್ಟು. ಝೀರೋ ಹೊಂದಿಸಿದರೆ ಅದು ಲೆಕ್ಕದಿಂದ ಹೋಗುತ್ತದೆ, ನಿಜ. ಗಾಜಿಗೆ ಎಣ್ಣೆ, ಧೂಳು ಹತ್ತಿದ ದಿನ ಮತ್ತೆ ಬದಲಾಗುತ್ತದೆ. ಬ್ಲೋವರ್ ಪಕ್ಕದಲ್ಲಿ ಗಾಜು ಎಷ್ಟು ದಿನ ಶುಭ್ರವಾಗಿರುತ್ತದೆ, ನೀವೇ ಹೇಳಿ.

ಹೊಸದರಲ್ಲಿ ಎರಡು ತಾಪತ್ರಯ ಇವೆ. ಆಳ ಅರ್ಧಕ್ಕೆ ಇಳಿಸಿದ್ದರೂ ದ್ರವ ಎರಡರಷ್ಟು ಹಿಡಿಯುತ್ತದೆ. ಟ್ಯಾಂಕು ಅಗಲವಾದ್ದರಿಂದ ಉಪಕರಣ ಸ್ವಲ್ಪ ವಾಲಿದರೂ ಝೀರೋ ಸರಿಯುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ಕೂರಿಸಿ, ಆಮೇಲೆ ಝೀರೋ ಹೊಂದಿಸಿ.

ಹಳೆಯ ಸ್ಕೇಲನ್ನು ಹೊಸ ಟ್ಯಾಂಕಿಗೆ ದಯವಿಟ್ಟು ಹಾಕಬೇಡಿ. ಹೊಸ ಸ್ಕೇಲಿನಲ್ಲಿ 500ರ ಗೆರೆ 498.75 ಮಿ.ಮೀ.ನಲ್ಲಿದೆ. ಗೊಂದಲವಾಗದಿರಲೆಂದು ಅದರ ಅಂಕಿಗಳನ್ನು ಕೆಂಪಿನಲ್ಲಿ ಹಾಕಿಸಿದ್ದೇವೆ.

ನಿಮ್ಮಲ್ಲಿರುವ ಹಳೆಯ ಮಾನೋಮೀಟರಿಗೆ ಟ್ಯೂಬು ಬದಲಿಸಿದ್ದರೆ ಒಳವ್ಯಾಸ ಅಳೆದು ತಿಳಿಸಿ, ಅದಕ್ಕೆ ತಕ್ಕ ಸ್ಕೇಲು ಮಾಡಿ ಕಳಿಸುತ್ತೇವೆ. ಒಡೆದ ಚೂರು ತಂದುಕೊಟ್ಟರೂ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ವರ್ಕ್‌ಶಾಪಿನ ಪರವಾಗಿ
ಪೀಣ್ಯ, ಬೆಂಗಳೂರು