ಭಾನುವಾರದ ಟೈನ್‌ಹ್ಯಾಮ್ ನಡಿಗೆ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಪಾಳು ಊರು ಟೈನ್‌ಹ್ಯಾಮ್‌ನ ಕಾರ್ ಪಾರ್ಕಿಂಗ್‌ನಲ್ಲಿ ಸೇರೋಣ. ಇದು ಸೇನೆಯ ಲಲ್‌ವರ್ತ್ ಫೈರಿಂಗ್ ರೇಂಜ್ ಒಳಗಿರುವ ಜಾಗ. ಹೆಚ್ಚಿನ ವಾರಾಂತ್ಯಗಳಲ್ಲಿ ತೆರೆದಿರುತ್ತದೆ, ಆದರೆ ಪ್ರತಿ ವಾರಾಂತ್ಯವೂ ಅಲ್ಲ. ಶನಿವಾರ ಸಂಜೆ ವೇಳಾಪಟ್ಟಿ ನೋಡಿ ಇಲ್ಲೇ ಖಚಿತಪಡಿಸುತ್ತೇನೆ.

ಮೊದಲ ಬಾರಿ ಬರುವವರಿಗೆ: 1943ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನ ಇರುವಾಗ, ಟ್ಯಾಂಕ್ ತರಬೇತಿಗಾಗಿ ಈ ಊರನ್ನೂ ಸುತ್ತಲಿನ ಮನೆಗಳನ್ನೂ ಖಾಲಿ ಮಾಡಿಸಿದರು. ಸುಮಾರು 225 ಜನ. ಒಂದು ದಿನ ವಾಪಸ್ ಬರುತ್ತೇವೆ, ಚರ್ಚ್ ಮತ್ತು ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ ಎಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೊರಟರು. 1948ರಲ್ಲಿ ಸೇನೆ ಜಮೀನನ್ನು ಕಡ್ಡಾಯವಾಗಿ ಖರೀದಿಸಿತು. ಊರಿನವರು ಮರಳಲೇ ಇಲ್ಲ. ಶಾಲೆಯಂತೂ ಮಕ್ಕಳಿಲ್ಲದೆ 1932ರಲ್ಲೇ ಮುಚ್ಚಿತ್ತು, ಹಾಗಾಗಿ ಎಲ್ಲ ತಪ್ಪನ್ನೂ ಯುದ್ಧದ ಮೇಲೆ ಹೊರಿಸಲಾಗದು ಅನ್ನುವುದು ನನ್ನ ಅಭಿಪ್ರಾಯ. ಈಗ ಚರ್ಚ್, ಶಾಲೆ ಎರಡರಲ್ಲೂ ಪ್ರದರ್ಶನವಿದೆ. ನೋಡಿಕೊಂಡು ಕಣಿವೆಯಲ್ಲಿ ಸುಮಾರು ಒಂದು ಮೈಲಿ ನಡೆದರೆ ವರ್‌ಬ್ಯಾರೋ ಕೊಲ್ಲಿ.

ಹಳದಿ ಗುರುತಿನ ಕಂಬಗಳ ನಡುವಿನ ದಾರಿ ಬಿಟ್ಟು ಯಾರೂ ಕದಲಬೇಡಿ. ಸಿಡಿಯದ ಶೆಲ್‌ಗಳು ಇರಬಹುದು, ಲೋಹದ ಏನನ್ನೂ ಮುಟ್ಟಬಾರದು. ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ. ಊಟ, ನೀರು ನಿಮ್ಮದೇ. ಪುಳಿಯೋಗರೆ ತರುವವರಿದ್ದರೆ ಮುಂಚೆಯೇ ತಿಳಿಸಿ! ನಾಯಿಗೆ ಬೆಲ್ಟ್ ಇರಲಿ.

ಎಷ್ಟು ಜನ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಎಂದು ಶುಕ್ರವಾರ ರಾತ್ರಿಯೊಳಗೆ ಉತ್ತರಿಸಿ.